ಹಾಡಿನೊಳಗಿನ ಹೆಂಗಸು

ಚಿಗೂಸಾ ನೆಗಿಶಿಯ ದನಿಯನ್ನು ಒಂದಲ್ಲ ಒಂದು ಸಲ ಕೇಳದವರು ಜಪಾನಿನಲ್ಲಿ ಕಡಿಮೆ. ಅದು ಅವಳ ದನಿ ಎಂದು ಗೊತ್ತಿದ್ದವರು ಮಾತ್ರ ಇಬ್ಬರೋ ಮೂವರೋ.

ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕರೋಕೆ ಕೋಣೆಯಲ್ಲಿ ಕೂತು ಹೊಸ ಹಾಡು ಕಲಿಯಬೇಕೆನ್ನುವವರು ಪರದೆಯ ಮೂಲೆಯ ಗುಂಡಿಯೊಂದನ್ನು ಒತ್ತುತ್ತಾರೆ. ಆಗ ವಾದ್ಯಗಳ ಅಡಿಯಿಂದ ಒಂದು ದನಿ ಮೆಲ್ಲಗೆ ಹಾಡತೊಡಗುತ್ತದೆ. ಅದು ಆ ಹಾಡಿನ ಹೆಸರಾಂತ ಗಾಯಕರದ್ದಲ್ಲ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಯಾವ ಮಾತನ್ನು ಎಷ್ಟು ಎಳೆಯಬೇಕು ಎಂದು ತೋರಿಸಿಕೊಡಲಿಕ್ಕೆಂದೇ ಬೇರೆ ಯಾರಿಂದಲೋ ಹಾಡಿಸಿಟ್ಟ ಗೈಡ್ ದನಿ. ಹಾಡು ಬಾಯಿಗೆ ಹತ್ತಿದ ಮೇಲೆ ಅದೇ ಗುಂಡಿ ಒತ್ತಿ ಆ ದನಿಯ ಬಾಯಿ ಮುಚ್ಚಿಸುತ್ತಾರೆ. ಆ ಬೇರೆ ಯಾರೋ ಅಂದರೆ ಚಿಗೂಸಾ.

ಹೊಸ ಹಾಡೊಂದು ಜನರ ಬಾಯಲ್ಲಿ ಓಡಾಡಲು ಶುರುವಾಯಿತೆಂದರೆ ಅವಳಿಗೆ ಕರೆ ಬರುತ್ತಿತ್ತು. ಟೋಕಿಯೋದ ಹಳೇ ಕಟ್ಟಡವೊಂದರ ನೆಲಮಾಳಿಗೆಯ ಸ್ಟುಡಿಯೋಗೆ ಹೋಗಿ, ಹೆಡ್‌ಫೋನ್ ಏರಿಸಿಕೊಂಡು ಮೈಕಿನ ಮುಂದೆ ನಿಲ್ಲುತ್ತಿದ್ದಳು. ಈಗಿನ ಹಾಡುಗಳು ಸುಲಭದವಲ್ಲ. ಸೂಟ್‌ಕೇಸಿಗೆ ಬಟ್ಟೆ ತುರುಕಿದ ಹಾಗೆ ಸಾಲಿನೊಳಗೆ ಮಾತು ತುರುಕಿರುತ್ತಾರೆ. ಕೆಳಗಿನ ಸ್ವರದಲ್ಲಿ ಗುನುಗುತ್ತಿದ್ದವರು ಇದ್ದಕ್ಕಿದ್ದಂತೆ ಕಪ್ಪೆಯ ಹಾಗೆ ಮೇಲಕ್ಕೆ ಹಾರಬೇಕು. ಇನ್ನೇನು ಮುಗಿಯಿತು ಎನ್ನುವಾಗ ಶ್ರುತಿಯೇ ಬದಲಾಗಿಬಿಡುತ್ತದೆ. "ಕಂಪ್ಯೂಟರ್ ಮುಂದೆ ಕೂತು ಹಾಡು ಕಟ್ಟೋ ಈ ಹುಡುಗರಿಗೆ, ಹಾಡೋರು ಉಸಿರಾಡ್ಬೇಕು ಅನ್ನೋದೇ ಮರೆತುಹೋಗಿದೆ," ಎಂದು ಧ್ವನಿಮುದ್ರಣದ ಹಾಸೆಬೆ ಗೊಣಗುತ್ತಿದ್ದ. ಗೊಣಗಿದರೂ ಒಂದು ಕೂದಲೆಳೆಯಷ್ಟು ಸ್ವರ ಆಚೀಚೆಯಾದರೆ ಬಿಡುತ್ತಿರಲಿಲ್ಲ. ಅದಕ್ಕಿಂತಲೂ ಅವನು ಬಿಡದಿದ್ದದ್ದು ಇನ್ನೊಂದಿತ್ತು.

"ನೆಗಿಶಿಯವರೇ, ಈ ಸಾಲಲ್ಲಿ ನೀವು ಬಂದ್‌ಬಿಟ್ರಿ," ಎನ್ನುತ್ತಿದ್ದ ಗಾಜಿನಾಚೆಯಿಂದ. "ನೀವು ಕಾಣಿಸ್ಕೋಬಾರ್ದು. ದಾರಿ ಮಾತ್ರ ಕಾಣಿಸ್ಬೇಕು. ಇನ್ನೊಂದ್ಸಲ."

ಕಾಣಿಸಿಕೊಳ್ಳಬೇಕೆಂದೇ ಅವಳು ಹತ್ತೊಂಬತ್ತರ ವಯಸ್ಸಿನಲ್ಲಿ ಉತ್ತರದ ಇವಾತೆಯ ಕಡಲತೀರದ ಊರಿನಿಂದ ಟೋಕಿಯೋಗೆ ಬಂದದ್ದು. ನಾಲ್ವರು ಸೇರಿ ಬ್ಯಾಂಡ್ ಕಟ್ಟಿ ಸಿಗರೇಟಿನ ಹೊಗೆ ತುಂಬಿದ ಪುಟ್ಟ ಸಭಾಂಗಣಗಳಲ್ಲಿ ಗಂಟಲು ಹರಿಯುವಂತೆ ಹಾಡಿದ್ದರು. ಮದುವೆ, ಕೆಲಸ, ಅಪ್ಪನ ಅಂಗಡಿ ಎಂದು ಉಳಿದವರು ಒಬ್ಬೊಬ್ಬರೇ ಕಳಚಿಕೊಂಡರು. ಚಿಗೂಸಾಳಿಗೆ ಹಿಂತಿರುಗಲು ಅಂಗಡಿಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಈಗ ನಲವತ್ತು ದಾಟಿ ಟೋಕಿಯೋ ಪಕ್ಕದ ಮಾತ್ಸುದೋದ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಸ್ಟುಡಿಯೋ ಕೆಲಸವಿಲ್ಲದ ದಿನ ಸೂಪರ್‌ಮಾರ್ಕೆಟ್ಟಿನ ಅಡುಗೆ ವಿಭಾಗದಲ್ಲಿ ತಲೆಗೆ ಬಿಳಿ ಟೋಪಿ ಹಾಕಿಕೊಂಡು ಬೋಂಡದಂಥ ಕ್ರೊಕೆಟ್ ಕರಿಯುತ್ತಿದ್ದಳು, ಆಲೂಗಡ್ಡೆ ಸಲಾಡನ್ನು ಡಬ್ಬಿಗಳಿಗೆ ತುಂಬುತ್ತಿದ್ದಳು. ಅಂಗಡಿಯ ಧ್ವನಿವರ್ಧಕದಲ್ಲಿ ಇದೇ ಹೊಸ ಹಾಡುಗಳು ಬರುತ್ತಿದ್ದವು. ಪಕ್ಕದಲ್ಲಿ ನಿಂತ ಓಶಿಕಿರಿ ಎಂಬ ಹೆಂಗಸು ಸೌಟಾಡಿಸುತ್ತ ಜೊತೆಗೆ ಹಾಡಿ, "ಅಯ್ಯೋ, ನಮ್ಮ ವಯಸ್ಸಿಗೆ ಇದೆಲ್ಲ ನಾಲಗೆ ಹೊರಳಲ್ಲ ಕಣ್ರೀ," ಎಂದು ನಗುತ್ತಿದ್ದಳು. ಚಿಗೂಸಾಳೂ ನಗುತ್ತಿದ್ದಳು. ಹೇಳಿಕೊಳ್ಳುವಂಥದ್ದು ಅಂತ ಅನ್ನಿಸುತ್ತಿರಲಿಲ್ಲ.

ಹೊಸ ಹಾಡು ಬಂದಾಗಲೆಲ್ಲ ಅವಳು ಅಭ್ಯಾಸ ಮಾಡಿಕೊಳ್ಳಬೇಕಿತ್ತು. ಮನೆಯ ಗೋಡೆ ತೆಳು. ಪಕ್ಕದ ಮನೆಯಾತ ಒಮ್ಮೆ ಬಾಗಿಲಿಗೇ ಬಂದು, ತುಂಬ ವಿನಯದಿಂದ, ನನಗೆ ರಾತ್ರಿಪಾಳಿ, ಹಗಲು ಮಲಗಬೇಕು ಎಂದು ತಲೆಬಾಗಿ ಹೋಗಿದ್ದ. ಅವತ್ತಿನಿಂದ ಅವಳು ಸ್ಟೇಷನ್ನಿನ ಹಿಂಬದಿಯ ಕರೋಕೆಗೆ ಹೋಗತೊಡಗಿದಳು. ಸೋಮವಾರ ಮಧ್ಯಾಹ್ನ ಅಲ್ಲಿ ಜನ ಇರುತ್ತಿರಲಿಲ್ಲ. ನಿವೃತ್ತರ ಒಂದು ಗುಂಪು ಮೂಲೆಯ ದೊಡ್ಡ ಕೋಣೆಯಲ್ಲಿ ಹಳೆಯ ಹಾಡು ಹಾಡುತ್ತ ಕೂತಿದ್ದು ಸಂಜೆಯ ಮುಂಚೆ ಎದ್ದು ಹೋಗುತ್ತಿತ್ತು, ಅಷ್ಟೇ.

ಮಳೆಗಾಲ ಶುರುವಾದ ಹೊತ್ತಿನ ಒಂದು ಸೋಮವಾರ, ಮೈಕನ್ನು ಕೈಗೆತ್ತಿಕೊಂಡ ಚಿಗೂಸಾಳಿಗೆ ಪಕ್ಕದ ಕೋಣೆಯಿಂದ ತನ್ನದೇ ದನಿ ಕೇಳಿಸಿತು.

'ಗಾಜಿನ ಜಿಂಕೆ' ಎಂಬ ಹಾಡು ಅದು. ಆ ವರ್ಷ ಶಾಲೆಯ ಹುಡುಗರಿಂದ ಹಿಡಿದು ಟ್ಯಾಕ್ಸಿಯವರವರೆಗೆ ಎಲ್ಲರೂ ಗುನುಗುತ್ತಿದ್ದರು. ಅವಳು ವಸಂತದಲ್ಲಿ ಹಾಡಿಕೊಟ್ಟಿದ್ದಳು. ಗೋಡೆಯಾಚೆ ಅವಳ ದನಿ ಸ್ವಚ್ಛವಾಗಿ, ತಣ್ಣಗೆ ಮುಂದೆ ಹೋಗುತ್ತಿತ್ತು. ಅದರ ಹಿಂದೆ, ಬಸ್ಸು ತಪ್ಪಿಸಿಕೊಂಡವನು ಓಡಿದ ಹಾಗೆ, ಒಬ್ಬ ಗಂಡಸಿನ ಒರಟು ದನಿ ಏದುಸಿರು ಬಿಡುತ್ತ ಓಡುತ್ತಿತ್ತು. ಎರಡನೇ ಚರಣದ ವೇಗದ ಭಾಗಕ್ಕೆ ಬಂದದ್ದೇ ಗಂಡಸು ಮುಗ್ಗರಿಸಿದ. ಹಾಡು ನಿಂತಿತು. ಮತ್ತೆ ಮೊದಲಿಂದ. ಮತ್ತೆ ಅಲ್ಲೇ ಮುಗ್ಗರಿಸಿದ. ಮತ್ತೆ.

ತನ್ನ ಉಡುಪನ್ನು ಗುರುತಿಲ್ಲದವರ ಮನೆಯ ತಂತಿಯ ಮೇಲೆ ಒಣಗಲು ಹಾಕಿದ್ದನ್ನು ಕಂಡಂತಾಯಿತು ಚಿಗೂಸಾಳಿಗೆ. ನಾಚಿಕೆಯಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಮೈಕನ್ನು ಮೇಜಿನ ಮೇಲಿಟ್ಟು, ತನ್ನ ಹೊತ್ತು ಮುಗಿಯುವವರೆಗೆ ಗೋಡೆಗೆ ಒರಗಿ ಕೂತು ಕೇಳಿದಳು.

ಮುಂದಿನ ಸೋಮವಾರವೂ ಅದೇ ಹಾಡು, ಅದೇ ಗಂಡಸು. ಅದರ ಮುಂದಿನ ಸೋಮವಾರ ಪಾನೀಯದ ಯಂತ್ರದ ಮುಂದೆ ಎದುರಾದ. ಐವತ್ತರ ಆಸುಪಾಸು, ಗಿಡ್ಡ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಟಾಗಿ ಬಾಚಿದ ತಲೆ. ಕೈಯಲ್ಲಿ ಮಾತ್ರ ಮಕ್ಕಳು ಕುಡಿಯುವ ಹಸಿರು ಬಣ್ಣದ ಮೆಲನ್ ಸೋಡಾ.

"ಪಕ್ಕದ ಕೋಣೆಯವರು ನೀವೇ ಅಲ್ವಾ?" ಎಂದು ತಲೆಬಾಗಿಸಿದ. "ಕ್ಷಮಿಸ್ಬೇಕು. ಕಿವಿಗೆ ತುಂಬಾ ಹಿಂಸೆ ಕೊಡ್ತಿದೀನಿ."

"ಹಾಗೇನಿಲ್ಲ. ದಿನೇ ದಿನೇ ಸುಧಾರಿಸ್ತಿದೆ."

"ಅಂದ್ರೆ ಕೇಳಿಸ್ತಿದೆ ಅಂತಾಯ್ತು!" ಎಂದು ಅವನು ಹಣೆ ಚಚ್ಚಿಕೊಂಡ. ಚಿಗೂಸಾಳಿಗೆ ನಗು ತಡೆಯಲಾಗಲಿಲ್ಲ. ಯಾರ ಮಾತಿಗೋ ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಅವನ ಹೆಸರು ಉತ್ಸುಮಿ. ನದಿಯ ಕಡೆಗೆ ಹೋಗುವ ರಸ್ತೆಯಲ್ಲಿ ಅವನದು ಕ್ಷೌರದಂಗಡಿ. ಕ್ಷೌರದಂಗಡಿಗಳಿಗೆಲ್ಲ ಸೋಮವಾರ ರಜೆ, ಹಾಗಾಗಿ ಸೋಮವಾರ ಬರುತ್ತಾನೆ. ಇಷ್ಟನ್ನು ಅವತ್ತೇ ಹೇಳಿದ. ಉಳಿದದ್ದು ಒಂದೊಂದು ಸೋಮವಾರಕ್ಕೆ ಒಂದಿಷ್ಟರಂತೆ, ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂತಾಗ ಹೊರಬಂತು.

ಅವನಿಗೆ ಫುಕಿ ಎಂಬ ಮಗಳು. ಹದಿನಾರು ವರ್ಷ. ಹೆಂಡತಿ ಬೇರೆ ಮದುವೆಯಾಗಿ ಸೆಂದಾಯ್‌ನಲ್ಲಿದ್ದಾಳೆ. ಮಗಳು ಶಾಲೆಗೆ ಹೋಗುವುದನ್ನು ಬಿಟ್ಟು ಎರಡನೇ ವರ್ಷ ನಡೆಯುತ್ತಿದೆ. ಅಂಗಡಿಯ ಮೇಲಿನ ಮಹಡಿಯ ಕೋಣೆಯಿಂದ ಅವಳು ಹೊರಗೆ ಬರುವುದಿಲ್ಲ. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಕೆಳಗಿಳಿದರೆ, ಸ್ವಲ್ಪ ಹೊತ್ತಿನ ನಂತರ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು.

"ಶಾಲೆಯಲ್ಲಿ ಏನಾದ್ರೂ ಆಯ್ತಾ?" ಎಂದು ಚಿಗೂಸಾ ಕೇಳಿದಳು.

"ಆಗಿರ್ಬೇಕು. ಹೇಳಿದ್ರೆ ತಾನೇ ಗೊತ್ತಾಗೋದು? ಕೇಳಿದೆ, ಬೇಡಿಕೊಂಡೆ, ಒಂದ್ಸಲ ಕೂಗಾಡಿದೆ ಕೂಡಾ. ನಾನು ಮಾತಾಡಿದಷ್ಟೂ ಆ ಬಾಗಿಲು ದಪ್ಪ ಆಗ್ತಾ ಹೋಯ್ತು ನೋಡಿ." ಅವನು ಸೋಡಾದೊಳಗಿನ ಐಸನ್ನು ಅಲ್ಲಾಡಿಸಿದ. "ಒಳಗಿಂದ ಬರೋದು ಹಾಡು ಒಂದೇ. ಈಗಿನ ಹಾಡುಗಳು. ನನಗೆ ತಲೆಬುಡ ಗೊತ್ತಿಲ್ಲ. ಕಟಿಂಗ್‌ಗೆ ಬರೋ ಕಾಲೇಜು ಹುಡುಗರ ಮುಂದೆ ಗುನುಗಿ, 'ಇದು ಯಾವ ಹಾಡ್ರಪ್ಪಾ' ಅಂತ ಕೇಳ್ದೆ. ಒಬ್ಬ ಪುಣ್ಯಾತ್ಮ ಹೆಸರು ಹೇಳ್ದ. ತಟ್ಟೆ ತಗೊಂಡು ಮೆಟ್ಟಿಲು ಹತ್ತುವಾಗ ಮಾತಿನ ಬದಲು ಅದನ್ನ ಹಾಡಿದ್ರೆ ಹೇಗೆ ಅಂತ... ಹುಚ್ಚು ಅನ್ಸುತ್ತೆ ಅಲ್ವಾ?"

"ಇಲ್ಲ," ಎಂದಳು ಚಿಗೂಸಾ.

"ನಾನು ಶ್ರುತಿ ತಾಳ ಇಲ್ಲದ ಮನುಷ್ಯ. ಆದ್ರೆ ಆ ಹೆಂಗಸು ಇದಾಳಲ್ಲ, ಹಾಡಿನೊಳಗೆ, ಗೈಡ್ ಹಾಕಿದ್ರೆ ಬರೋಳು... ಅವಳು ಕೈ ಹಿಡ್ಕೊಂಡು ರಸ್ತೆ ದಾಟಿಸ್ತಾಳೆ. ನೀವು ಗಮನಿಸಿದೀರೋ ಇಲ್ವೋ, ಆ ವೇಗದ ಜಾಗ ಬರೋ ಮುಂಚೆ ಅವಳು ಸಣ್ಣಗೆ ಉಸಿರು ಎಳ್ಕೋತಾಳೆ. ನಾನೂ ಅಲ್ಲೇ ಎಳ್ಕೋತೀನಿ. ಅಲ್ಲಿ ತಪ್ಪಿದ್ನೋ, ಮುಂದೆಲ್ಲ ಚೆಲ್ಲಾಪಿಲ್ಲಿ."

ಆ ಉಸಿರು ಹಾಸೆಬೆಯ ಕಿವಿ ತಪ್ಪಿಸಿ ಉಳಿದುಕೊಂಡದ್ದು. ಅವನಿಗೆ ಕೇಳಿಸಿದ್ದರೆ ಅಳಿಸಿಹಾಕುತ್ತಿದ್ದ. ಚಿಗೂಸಾಳ ಕಿವಿ ಬಿಸಿಯಾಯಿತು. ಅದು ನಾನೇ ಎಂದು ಹೇಳಲು ಬಾಯಿ ತೆರೆದವಳು, "ಆ ಹೆಂಗಸು ಹಾಡೋದು ನಿಮಗೆ ಇಷ್ಟಾನಾ?" ಎಂದು ಕೇಳಿಬಿಟ್ಟಳು. ತನ್ನ ಬಗ್ಗೆ ಯಾರೋ ಮಾತಾಡುವುದನ್ನು ಇನ್ನೂ ಸ್ವಲ್ಪ ಕೇಳಬೇಕೆಂಬ ಆಸೆ ಅಷ್ಟೇ ಅದು.

"ಇಷ್ಟ ಅಂತಲ್ಲ," ಎಂದ ಉತ್ಸುಮಿ ಯೋಚಿಸಿ. "ನಂಬಿಕೆ."

ಆಮೇಲೆ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳದೆ ಉಳಿದದ್ದನ್ನು ನಾಲ್ಕನೇ ವಾರ ಹೇಳಿದರೆ, ಇಷ್ಟು ದಿನ ಸುಮ್ಮನಿದ್ದು ಕೇಳಿಸಿಕೊಂಡಳಲ್ಲ ಎಂದುಕೊಳ್ಳುತ್ತಾನೆ. ಹೀಗೆ ಸೋಮವಾರಗಳು ಕಳೆದವು. ಅಡುಗೆ ವಿಭಾಗದಲ್ಲಿ ಸೋಮವಾರದ ಪಾಳಿ ಯಾರು ಕೇಳಿದರೂ ಅವಳು ಒಪ್ಪುತ್ತಿರಲಿಲ್ಲ. ಭಾನುವಾರ ಸಂಜೆಯೇ ಅಂಗಿ ಯಾವುದು ಹಾಕಲಿ ಎಂದು ಯೋಚಿಸುವುದು ಶುರುವಾಗಿತ್ತು. ಹಾಗೆ ಯೋಚಿಸುತ್ತಿದ್ದೇನೆ ಎಂಬುದು ಅರಿವಾದಾಗ ಬೀರುವಿನ ಬಾಗಿಲನ್ನು ಪಟ್ಟನೆ ಮುಚ್ಚುತ್ತಿದ್ದಳು.

ಮಳೆಯ ಬೆನ್ನಿಗೆ ಬಂದ ಬೇಸಿಗೆಯ ಕೊನೆಗೆ ಒಂದು ದಿನ ಉತ್ಸುಮಿ ಅವಳ ಕೋಣೆಯ ಬಾಗಿಲು ತಟ್ಟಿದ. "ನೆಗಿಶಿಯವರೇ, ತಪ್ಪು ತಿಳೀಬೇಡಿ. ಆ ವೇಗದ ಜಾಗ ಒಂದ್ಸಲ ಹಾಡಿ ತೋರಿಸ್ತೀರಾ? ನೀವು ಹಾಡೋದು ಗೋಡೆಯಿಂದ ಕೇಳಿಸುತ್ತೆ. ನೀವು ಸಾಮಾನ್ಯರಲ್ಲ ಅಂತ ಗೊತ್ತಾಗಿದೆ."

ಅವನ ಕೋಣೆಗೆ ಹೋದಳು. ಮೇಜಿನ ಮೇಲೆ ಮೆಲನ್ ಸೋಡಾ, ಮಡಚಿಟ್ಟ ಕರವಸ್ತ್ರ, ಗಂಟಲಿಗೆ ಚಪ್ಪರಿಸುವ ಗುಳಿಗೆ. ಅವಳು ಮೈಕ್ ಹಿಡಿದು ನಿಂತಳು. ಗೈಡ್ ದನಿಯನ್ನು ಬಂದ್ ಮಾಡಿದಳು. ಕೇಳುವ ಒಂದು ಜೀವ ಎದುರಿಗಿತ್ತು, ಗಾಜು ಅಡ್ಡ ಇರಲಿಲ್ಲ. ಹಾಡು ಶುರುವಾದದ್ದೇ ಹೊಗೆ ತುಂಬಿದ ಸಭಾಂಗಣದ ಹಳೆಯ ಚಿಗೂಸಾ ಎದ್ದು ಬಂದಳು. ಸಾಲಿನ ಕೊನೆಯನ್ನು ಬೇಕೆಂದೇ ತಡೆದು ಬಿಟ್ಟಳು. ಮೇಲಿನ ಸ್ವರಕ್ಕೆ ಜಾರಿಕೊಂಡು ಹೋದಳು. ಒಂದೆಡೆ ದನಿಯನ್ನು ಒಡೆಯಲು ಬಿಟ್ಟಳು.

ಉತ್ಸುಮಿ ಚಪ್ಪಾಳೆ ತಟ್ಟಿದ. "ಅದ್ಭುತ! ಟಿಕೆಟ್ ಇಟ್ಟು ಹಾಡಬಹುದು ನೀವು!" ಆಮೇಲೆ ಕೆನ್ನೆ ಕೆರೆದುಕೊಂಡ. "ಆದ್ರೆ... ಹೇಗೆ ಹೇಳ್ಲಿ... ನನ್ನಂಥೋನಿಗೆ ದಾರಿ ತಪ್ಪಿಹೋಗುತ್ತೆ. ನೀವು ಆ ಕಡೆ ಹೋಗಿ ಈ ಕಡೆಯಿಂದ ಬರ್ತೀರ. ಆ ಹೆಂಗಸಿನ ಥರ, ಸ್ವಲ್ಪ ಸಪ್ಪೆಯಾಗಿ ಹಾಡಕ್ಕಾಗುತ್ತಾ?"

ಕೆನ್ನೆಗೆ ತಣ್ಣೀರು ಎರಚಿದ ಹಾಗಾಯಿತು. ಚಿಗೂಸಾ ಗಟ್ಟಿಯಾಗಿ ನಕ್ಕಳು. "ಆಗುತ್ತೆ," ಎಂದಳು. "ಅದು ನನಗೆ ಚೆನ್ನಾಗಿ ಬರುತ್ತೆ."

ಹಾಡಿದಳು. ಒಂದೊಂದೇ ಮಾತನ್ನು ನೆಲದ ಮೇಲೆ ಹಾಸುಗಲ್ಲು ಇಟ್ಟ ಹಾಗೆ ಇಡುತ್ತ ಹೋದಳು. ಉತ್ಸುಮಿ ಕಣ್ಣು ಮುಚ್ಚಿಕೊಂಡು, ಒಂದು ಸ್ಥಾಯಿ ಕೆಳಗೆ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹಿಂದೆ ಬಂದ. ವೇಗದ ಜಾಗ ಬಂತು, ದಾಟಿತು. ಕೊನೆಯ ಪಲ್ಲವಿ ಬಂತು, ಮುಗಿಯಿತು. ಎಂದೂ ಮುಗಿಸದ ಹಾಡನ್ನು ಅವನು ಮುಗಿಸಿಬಿಟ್ಟಿದ್ದ.

"ಥೇಟ್ ಆ ಹೆಂಗಸೇ!" ಎಂದು ಕಣ್ಣು ತೆರೆದ. "ಅವಳನ್ನ ನೀವೂ ತುಂಬಾ ಕೇಳಿರ್ಬೇಕು."

"ಹೌದು. ತುಂಬಾ ವರ್ಷದಿಂದ."

ಸೆಪ್ಟೆಂಬರಿನಲ್ಲಿ, ಮಾತ್ಸುದೋದ ಅಂಗಡಿಗಳ ಮುಂದೆಲ್ಲ ಪಿಯರ್ ಹಣ್ಣಿನ ಬುಟ್ಟಿಗಳು ಬಂದಿದ್ದ ಹೊತ್ತಿನಲ್ಲಿ, ಹಾಸೆಬೆ ಕರೆಸಿದ. ಹಾಡಿಸಲಿಕ್ಕಲ್ಲ. ಸ್ಟುಡಿಯೋದ ಹೊರಗಿನ ಸೋಫಾದ ಮೇಲೆ ಕೂರಿಸಿ ತಾನೇ ಕಾಫಿ ತಂದುಕೊಟ್ಟ. ಇಷ್ಟು ವರ್ಷದಲ್ಲಿ ಅವನು ಕಾಫಿ ತಂದುಕೊಟ್ಟದ್ದಿಲ್ಲ. ಲೋಟ ಕೈಗೆ ಬಂದಾಗಲೇ ಅವಳಿಗೆ ಅರ್ಥವಾಯಿತು.

"ಇನ್ಮೇಲೆ ಯಂತ್ರವೇ ಹಾಡುತ್ತಂತೆ," ಎಂದ ಹಾಸೆಬೆ ಅವಳ ಮುಖ ನೋಡದೆ. "ಸ್ವರ, ಮಾತು ಕೊಟ್ರೆ ಸಾಕು, ಅದೇ ಹಾಡಿಬಿಡುತ್ತೆ. ಹಳೇ ಹಾಡುಗಳನ್ನೂ ಒಂದೊಂದಾಗಿ ಬದಲಾಯಿಸ್ತಾರೆ. ನಿಮ್ಮ ಹಾಡಿನಲ್ಲಿ ತಪ್ಪಿದೆ ಅಂತಲ್ಲ."

"ಗೊತ್ತು."

"ತಪ್ಪೇ ಇರಲಿಲ್ಲ ಯಾವತ್ತೂ. ಅದಕ್ಕೇ ಯಂತ್ರಕ್ಕೆ ಸುಲಭ ಆಯ್ತೋ ಏನೋ." ಹೇಳಿದ ಮೇಲೆ ಅದು ಎಂಥ ಮಾತು ಎಂದು ಅವನಿಗೆ ಹೊಳೆಯಿತು. "ಅಯ್ಯೋ, ನಾನು ಹೇಳಿದ್ದು ಹಾಗಲ್ಲ..."

"ಕಾಫಿ ಚೆನ್ನಾಗಿದೆ," ಎಂದಳು ಚಿಗೂಸಾ. ಅವನು ಲಿಫ್ಟಿನವರೆಗೆ ಬಂದು, ಬಾಗಿಲು ಮುಚ್ಚಿಕೊಳ್ಳುವ ತನಕ ಬಾಗಿಯೇ ನಿಂತಿದ್ದ. ರೈಲಿನಲ್ಲಿ ಎದುರು ಸೀಟಿನ ಇಬ್ಬರು ಹುಡುಗಿಯರು ಒಂದೇ ಇಯರ್‌ಫೋನನ್ನು ಹಂಚಿಕೊಂಡು ಯಾವುದೋ ಹಾಡಿಗೆ ತುಟಿಯಾಡಿಸುತ್ತಿದ್ದರು. ಅವರ ತುಟಿ ನೋಡಿಯೇ ಯಾವ ಹಾಡೆಂದು ಅವಳಿಗೆ ಗೊತ್ತಾಯಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ಈ ಸುದ್ದಿಯನ್ನು ಹೇಳಿಕೊಳ್ಳಲು ಅವಳಿಗಿದ್ದದ್ದು ಒಬ್ಬನೇ ಮನುಷ್ಯ. ಸೋಮವಾರ ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡಳು. ಆ ಹೆಂಗಸು ನಾನೇ, ಇನ್ನು ಕೆಲವು ದಿನಕ್ಕೆ ಅವಳು ಇರುವುದಿಲ್ಲ, ಆದರೂ ನಾನಿದ್ದೇನೆ, ಬೇಕಿದ್ದರೆ ಕೂತು ಹಾಡೋಣ. ವಾಕ್ಯಗಳನ್ನು ಜೋಡಿಸಿಕೊಂಡು, ಕನ್ನಡಿಯ ಮುಂದೆ ಒಮ್ಮೆ ಹೇಳಿಯೂ ನೋಡಿ, ಹೋದಳು.

ಉತ್ಸುಮಿ ಬೆಂಚಿನ ಹತ್ತಿರ ನಿಂತೇ ಕಾಯುತ್ತಿದ್ದ. ಅವತ್ತು ಸೋಡಾ ಇರಲಿಲ್ಲ. ಅವಳನ್ನು ಕಂಡದ್ದೇ ಓಡಿ ಬಂದ.

"ಮಾತಾಡಿದ್ಲು!"

"ಯಾರು?"

"ಫುಕಿ! ಗುರುವಾರ! ತಟ್ಟೆ ತಗೊಂಡು ಹತ್ತುತ್ತಾ ಇದ್ದೆ, ಹಾಡ್ತಾ ಇದ್ದೆ. ಎಲ್ಲ ಸರಿಯಾಗಿ ಹೋಗ್ತಿತ್ತು. ಮೆಟ್ಟಿಲಲ್ಲಿ ಸಾರು ತುಳುಕಿ ಕೈಗೆ ಬಿತ್ತು ನೋಡಿ, ಗಾಬರಿಯಲ್ಲಿ ಒಂದು ಸಾಲು ಹಾರಿಹೋಯ್ತು. ಒಳಗಿಂದ, 'ಅಪ್ಪಾ, ಒಂದು ಸಾಲು ಬಿಟ್ಟೆ' ಅಂದ್ಲು." ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ನಾನು ಅಲ್ಲೇ ಕಲ್ಲಾಗಿ ನಿಂತೆ. 'ಯಾವ ಸಾಲು?' ಅಂದೆ. ಅವಳೇ ಹಾಡಿ ತೋರಿಸಿದ್ಲು ನೆಗಿಶಿಯವರೇ, ಬಾಗಿಲ ಆ ಕಡೆಯಿಂದ. ಅವಳ ದನಿ ಎಷ್ಟು ಬದಲಾಗಿದೆ ಗೊತ್ತಾ! ದೊಡ್ಡೋಳಾಗ್ಬಿಟ್ಟಿದಾಳೆ ಒಳಗೇ."

ಚಿಗೂಸಾ ಅವನ ತೋಳು ಹಿಡಿದುಕೊಂಡಳು. ಅವಳ ಕಣ್ಣೂ ತುಂಬಿತು. ಅದರಲ್ಲಿ ಸುಳ್ಳೇನಿರಲಿಲ್ಲ.

"ಎಲ್ಲ ನಿಮ್ಮಿಂದ," ಎಂದ ಉತ್ಸುಮಿ ಮೂಗೊರೆಸಿಕೊಳ್ಳುತ್ತ. "ನಿಮ್ಮಿಂದ, ಮತ್ತೆ ಆ ಹೆಂಗಸಿಂದ."

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು. "ಆ ಹೆಂಗಸು ನಾನೇ," ಎಂದಳು.

ಉತ್ಸುಮಿ ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ನೀವು ಆ ಹೆಂಗಸಾದ್ರೆ ನಾನು ಚಕ್ರವರ್ತಿಗಳ ಖಾಸಾ ಕ್ಷೌರಿಕ! ಅಯ್ಯಯ್ಯೋ, ಅಳೋನನ್ನ ನಗಿಸ್ಬಿಟ್ರಲ್ಲ ನೀವು." ಅವನ ನಗು ಎಷ್ಟು ತಿಳಿಯಾಗಿತ್ತೆಂದರೆ, ಅಷ್ಟು ದಿನದ ಭಾರವೆಲ್ಲ ಅದರಲ್ಲಿ ಕಳಚಿ ಬೀಳುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು. ಅದಕ್ಕೆ ಅಡ್ಡ ನಿಂತು, ಇಲ್ಲ, ನಿಜವಾಗಲೂ ನಾನೇ ಎಂದು ಹಟ ಹಿಡಿಯಲು ಅವಳಿಂದ ಆಗಲಿಲ್ಲ. ತಾನೂ ನಕ್ಕಳು. ಜೋಡಿಸಿಕೊಂಡು ಬಂದಿದ್ದ ಉಳಿದ ವಾಕ್ಯಗಳನ್ನು ಹೇಳಲೇ ಇಲ್ಲ.

ಮುಂದಿನ ಸೋಮವಾರ ಅವನು ಬಂದ, ಆದರೆ ಬೇಗ ಹೊರಟ. ಅದರ ಮುಂದಿನ ಸೋಮವಾರ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಪಕ್ಕದ ಕೋಣೆಯಲ್ಲಿ ಒಮ್ಮೆ ಯಾರೋ ಗುಮಾಸ್ತ ಕೋಟು ಮುಖಕ್ಕೆಳೆದು ಮಲಗಿದ್ದ, ಒಮ್ಮೆ ಖಾಲಿ ಇತ್ತು. ಕೌಂಟರಿನ ಹೆಂಗಸು ತಾನಾಗಿಯೇ ಹೇಳಿದಳು: "ಆ ಕ್ಷೌರದವರಾ? ನದೀ ದಂಡೆ ಮೇಲೆ ಕಂಡ್ರು. ಮಗಳು ಅನ್ಸುತ್ತೆ, ಟೋಪಿ ಹಾಕ್ಕೊಂಡು ಹಿಂದೆ ಹಿಂದೆ ನಡೀತಿದ್ಲು. ಸೋಮವಾರ ಜನ ಕಮ್ಮಿ ಅಲ್ವಾ ಅಲ್ಲಿ."

ಒಳ್ಳೆಯದಾಯಿತು ಎಂದು ಚಿಗೂಸಾ ಅಂದುಕೊಂಡಳು. ನಿಜವಾಗಿಯೂ ಹಾಗೇ ಅಂದುಕೊಂಡಳು. ಮನೆಗೆ ಬಂದು ಒಬ್ಬಳಿಗಾಗುವಷ್ಟು ಅಕ್ಕಿ ತೊಳೆಯುವಾಗ, ಹೇಳದೆ ಹೋದನಲ್ಲ ಎಂಬುದೂ ಅದರ ಬೆನ್ನಿಗೇ ಬಂತು. ಅವನೇಕೆ ಹೇಳಬೇಕು? ಫೋನ್ ನಂಬರ್ ಕೂಡ ಕೇಳಿಕೊಂಡವರಲ್ಲ ಅವರು. ಬೆಂಚಿನ ಪರಿಚಯ.

ಚಳಿ ಶುರುವಾದ ಮೇಲೆ ಒಂದು ದಿನ ಕರೋಕೆಯಲ್ಲಿ 'ಗಾಜಿನ ಜಿಂಕೆ' ಹಾಕಿ ಗುಂಡಿ ಒತ್ತಿದಳು. ಬೇರೆ ದನಿ ಬಂತು. ಚೆನ್ನಾಗಿಯೇ ಇತ್ತು. ಎಳೆಯ ದನಿ, ಒಂದು ಕಲೆಯಿಲ್ಲ. ವೇಗದ ಜಾಗದ ಮುಂಚೆ ಕಿವಿಯಿಟ್ಟು ಕೇಳಿದಳು. ಅಲ್ಲಿ ಉಸಿರೇ ಇರಲಿಲ್ಲ. ಆ ದನಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಬೇರೆ ಹಾಡು ಹಾಕಿದಳು, ಇನ್ನೊಂದು ಹಾಕಿದಳು. ಕೆಲವುಗಳಲ್ಲಿ ಅವಳು ಇನ್ನೂ ಇದ್ದಳು, ಕೆಲವುಗಳಲ್ಲಿ ಇರಲಿಲ್ಲ. ಮನೆಯ ಒಂದೊಂದೇ ಕೋಣೆಯ ದೀಪ ಯಾರೋ ಆರಿಸುತ್ತ ಬರುತ್ತಿದ್ದ ಹಾಗಿತ್ತು. ಕೋಟು ಹಾಕಿಕೊಂಡು ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ಅವಳ ಕಾಲು ತಾನಾಗಿ ನದಿಯ ಕಡೆಯ ರಸ್ತೆ ಹಿಡಿಯಿತು. ಕ್ಷೌರದಂಗಡಿಯ ಕೆಂಪು ಬಿಳಿ ನೀಲಿ ಕಂಬ ತಿರುಗುತ್ತಿತ್ತು. ಬಾಗಿಲಲ್ಲಿ, 'ಹೆಂಗಸರ ಮುಖದ ನಯಗೂದಲು ತೆಗೆಯಲಾಗುವುದು' ಎಂಬ ಫಲಕ. ಅದೊಂದು ನೆಪವಾಯಿತು.

"ಓ! ನೆಗಿಶಿಯವರು!" ಉತ್ಸುಮಿಯ ಮುಖ ಅರಳಿತು. ಕೂಡಲೇ ತಪ್ಪು ಮಾಡಿದವನ ಹಾಗೆ ಬಾಡಿತು. "ಬರಬೇಕು ಅಂತಲೇ ಇದ್ದೆ. ಸೋಮವಾರ ಆ ಹುಡುಗಿ... ಅದೇ ಒಂದು ದಿನ ಆಚೆ ಬರ್ತಾಳೆ..."

"ಕೇಳಿದೆ. ತುಂಬಾ ಸಂತೋಷ ಆಯ್ತು. ಇವತ್ತು ನಾನು ಗಿರಾಕಿ, ಮುಖ ಮಾಡಿಸ್ಕೊಳ್ಳಕ್ಕೆ ಬಂದೆ."

ಅವನು ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ ಬಿಸಿ ಟವೆಲನ್ನು ಅವಳ ಮುಖದ ಮೇಲೆ ಹಾಸಿದ. ಹಬೆಯೊಳಗೆ ಕಣ್ಣು ಮುಚ್ಚಿದಳು. ಅವಳ ಮುಖವನ್ನು ಬೇರೆಯವರ ಕೈ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಮೇಲಿನ ಮಹಡಿಯಲ್ಲಿ ಯಾರೋ ಓಡಾಡುವ ಸದ್ದು. ಉತ್ಸುಮಿ ಬ್ರಷ್ಷಿನಿಂದ ಸೋಪಿನ ನೊರೆ ಎಬ್ಬಿಸುತ್ತ ಮಾತಾಡತೊಡಗಿದ.

"ಹೋದ ವಾರ ಫುಕೀನೇ ಕೇಳಿದ್ಲು, ಕರೋಕೆಗೆ ಹೋಗೋಣ್ವಾ ಅಂತ. ಬೇರೆ ಊರಿನ ಕರೋಕೆಗೆ, ಗುರುತಿನವರು ಸಿಗಬಾರ್ದು ಅಂತ. ಹೋದ್ವಿ. ಅವಳ ಮುಂದೆ ಜಂಬದಿಂದ ಗೈಡ್ ಹಾಕಿದೆ. ಆ ಹೆಂಗಸು ಇಲ್ಲ! ಬೇರೆ ಯಾವುದೋ ದನಿ. ನನಗೆ ಹಾಡಕ್ಕೇ ಆಗ್ಲಿಲ್ಲ. ಫುಕಿ ಹೇಳ್ತಾಳೆ, 'ಅಪ್ಪಾ, ಇದು ಮನುಷ್ಯರಲ್ಲ, ಯಂತ್ರ' ಅಂತ. ಪಾಪ, ಆ ಹೆಂಗಸಿನ ಕೆಲಸ ಹೋಯ್ತೇನೋ ಅಲ್ವಾ? ನಾವು ಕೂತು ಅವಳ ಬಗ್ಗೆನೇ ಮಾತಾಡಿದ್ವಿ. ಎಲ್ಲಿರ್ತಾಳೆ, ಮದುವೆ ಆಗಿದೆಯೋ ಇಲ್ವೋ, ಏನು ಊಟ ಮಾಡ್ತಾಳೋ ಅಂತ."

ಟವೆಲಿನಡಿ ಚಿಗೂಸಾ ಅಳುತ್ತಿದ್ದಳು. ಸದ್ದಿಲ್ಲದೆ ಅಳುವುದು ಅವಳಿಗೆ ಗೊತ್ತಿತ್ತು. ಆದರೆ ಉಸಿರನ್ನು ಎಲ್ಲೋ ಒಂದು ಕಡೆ ಎಳೆದುಕೊಳ್ಳಲೇಬೇಕಾಯಿತು. ಸಣ್ಣದೊಂದು ಉಸಿರು, ಅಷ್ಟೇ. ಬ್ರಷ್ಷಿನ ಸದ್ದು ನಿಂತಿತು.

ಅವನು ಟವೆಲನ್ನು ಮೆಲ್ಲಗೆ ತೆಗೆದು, ಅದರ ಒಣಗಿದ ತುದಿಯಿಂದಲೇ ಅವಳ ಕಣ್ಣಿನ ಅಂಚನ್ನು ಒತ್ತಿದ.

"ನೆಗಿಶಿಯವರೇ, ಆವತ್ತು ನೀವು ಹೇಳಿದ್ದು... ತಮಾಷೆ ಅಲ್ವಾ?"

"ತಮಾಷೆ ಅಲ್ಲ."

ಉತ್ಸುಮಿ ಎರಡು ಹೆಜ್ಜೆ ಹಿಂದೆ ಸರಿದು, ಬಿಳಿ ಮೇಲಂಗಿಯಲ್ಲೇ, ನೊರೆಯ ಬಟ್ಟಲು ಕೈಯಲ್ಲಿರುವಂತೆಯೇ ಆಳವಾಗಿ ಬಾಗಿದ. ತಲೆಯೆತ್ತಿದಾಗ ಅವನ ಮುಖ ಕೆಂಪಾಗಿತ್ತು. "ಸಪ್ಪೆ ಅಂದ್‌ಬಿಟ್ಟಿದ್ದೆ ನಾನು."

"ಸಪ್ಪೆಯಾಗಿರ್ಲಿ ಅಂತಲೇ ಹಾಡಿದ್ದು."

"ನಕ್ಕುಬಿಟ್ಟೆ ಬೇರೆ."

"ನೀವು ನಗೋದು ನೋಡಿ ನನಗೆ ಖುಷಿಯಾಗಿತ್ತು. ನಿಜವಾಗ್ಲೂ."

ಅವನು ಬಟ್ಟಲನ್ನು ಕೆಳಗಿಟ್ಟು ಮೆಟ್ಟಿಲ ಬುಡಕ್ಕೆ ಹೋದ. ಬೇಡ ಎಂದು ಅವಳು ಹೇಳುವ ಮೊದಲೇ ಕೂಗಿದ: "ಫುಕೀ! ಒಂದು ನಿಮಿಷ ಇಳಿದು ಬಾಮ್ಮಾ!"

ಮೇಲೆ ಹೆಜ್ಜೆಗಳು ಬಂದವು. ತಲೆಯೆತ್ತಿದ ಚಿಗೂಸಾಳಿಗೆ ಕನ್ನಡಿಯಲ್ಲಿ ಮೆಟ್ಟಿಲ ಮೇಲ್ತುದಿ ಕಾಣುತ್ತಿತ್ತು. ಬೂದು ಬಣ್ಣದ ಕಾಲುಚೀಲ ತೊಟ್ಟ ಎರಡು ಪಾದಗಳು ಅಲ್ಲಿ ಬಂದು ನಿಂತವು.

"ಯಾರಪ್ಪಾ?" ಎಂದಿತು ಒಂದು ಸಣ್ಣ ದನಿ.

"ಆ ಹೆಂಗಸು. ಹಾಡಿನೊಳಗಿನ ಹೆಂಗಸು. ಇಲ್ಲೇ ಬಂದಿದಾರೆ."

ಪಾದಗಳು ಅಲ್ಲಾಡಲಿಲ್ಲ. ಒಂದರ ಹೆಬ್ಬೆರಳು ಇನ್ನೊಂದನ್ನು ತುಳಿಯಿತು. ಒಂದು ಪಾದ ಮೆಟ್ಟಿಲು ಇಳಿಯುವ ಹಾಗೆ ಮುಂದೆ ಬಂತು. ನಿಂತಿತು. ಆಮೇಲೆ ಎರಡೂ ಹಿಂದಕ್ಕೆ ಸರಿದು ಕಣ್ಮರೆಯಾದವು. ಬಾಗಿಲು ಮುಚ್ಚಿದ ಸದ್ದಾಯಿತು, ಜೋರಾಗಿ ಅಲ್ಲ.

ಉತ್ಸುಮಿ ಮೆಟ್ಟಿಲ ಬುಡದಲ್ಲಿ ಬೆನ್ನು ಮಾಡಿ ನಿಂತೇ ಇದ್ದ. "ಹೊಸಬರು ಅಂದ್ರೆ ಇನ್ನೂ... ತಪ್ಪು ತಿಳೀಬೇಡಿ."

"ತಿಳಿಯಲ್ಲ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ," ಎಂದಳು ಚಿಗೂಸಾ. "ನೊರೆ ಆರಿಹೋಗುತ್ತೆ, ಬನ್ನಿ."

ಅವನು ಬಂದು ನೊರೆ ಹಚ್ಚಿ ಕತ್ತಿ ಹಿಡಿದ. ಹಣೆ, ಕೆನ್ನೆ, ಗದ್ದ ಎಂದು ಬಹಳ ನಿಧಾನವಾಗಿ, ಹಗುರಾಗಿ ಕೆಲಸ ಮಾಡಿದ. ಹೊರಡುವಾಗ ಬಾಗಿಲವರೆಗೆ ಬಂದು, "ಸೋಮವಾರ ಬಿಟ್ಟು ಯಾವಾಗ ಬೇಕಾದ್ರೂ ಬನ್ನಿ," ಎಂದ. ಬರುತ್ತೇನೆ ಎಂದಳು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತೋ ಏನೋ.

ಮಧ್ಯಾಹ್ನದ ಪಾಳಿಗೆ ಸರಿಯಾಗಿ ಸೂಪರ್‌ಮಾರ್ಕೆಟ್ ತಲುಪಿದಳು. ಚಳಿಗಾಳಿಗೆ ಕೆನ್ನೆ ಚುರುಚುರು ಎನ್ನುತ್ತಿತ್ತು. ಬಿಳಿ ಟೋಪಿ ಹಾಕಿಕೊಂಡು ಓಶಿಕಿರಿಯ ಪಕ್ಕದಲ್ಲಿ ನಿಂತಳು.

"ಏನ್ರೀ ಇದು, ಮುಖ ಹೀಗೆ ಹೊಳೀತಿದೆ!" ಎಂದು ಓಶಿಕಿರಿ ಮೊಣಕೈಯಿಂದ ತಿವಿದಳು. "ಯಾರನ್ನ ನೋಡಕ್ಕೆ ಹೋಗಿದ್ರಿ?"

"ಕ್ಷೌರದಂಗಡಿಗೆ."

"ಸುಳ್ಳು! ಹೇಳ್ರೀ, ಯಾರು?"

"ನಿಜವಾಗ್ಲೂ ಕ್ಷೌರದಂಗಡಿಗೇ ರೀ," ಎಂದು ಚಿಗೂಸಾ ಕೈಗವಸು ಏರಿಸಿಕೊಂಡಳು. ಓಶಿಕಿರಿ ನಂಬಲಿಲ್ಲ, ನಕ್ಕಳು. ಕ್ರೊಕೆಟ್‌ಗಳು ಎಣ್ಣೆಯಲ್ಲಿ ಮೇಲೆ ತೇಲಿ ಬಂದಿದ್ದವು. ಚಿಗೂಸಾ ಅವನ್ನು ಒಂದೊಂದಾಗಿ ಎತ್ತಿ ಜಾಲರಿಯ ಮೇಲೆ ಸಾಲಾಗಿ ಇಟ್ಟಳು.